ಮೂಳೆಯಿಂದ ಶುರುಮಾಡಿ: ಗುರುವಿಲ್ಲದೆ ಅನಾಟಮಿ ಕಲಿತು ಚಿತ್ರ ಸುಧಾರಿಸಿಕೊಳ್ಳುವ ಬಗೆ

ಫೋಟೊ ಮುಂದಿಟ್ಟುಕೊಂಡು ನಟರ ಮುಖವನ್ನು ಪೆನ್ಸಿಲ್ ಶೇಡಿಂಗ್‌ನಲ್ಲಿ ಥೇಟ್ ಹಾಗೇ ಇಳಿಸುವವರು ನಮ್ಮಲ್ಲಿ ಊರಿಗೆ ಹತ್ತು ಜನ ಸಿಗುತ್ತಾರೆ. ಅದೇ ನಟ ಬಾವಿಯಿಂದ ನೀರು ಸೇದುತ್ತಿರುವ ಹಾಗೆ ಫೋಟೊ ಇಲ್ಲದೆ ಬಿಡಿಸಿ ಎಂದರೆ ಕಷ್ಟ ಶುರು. ಹೆಗಲು ಎಲ್ಲಿ ಮುಗಿದು ತೋಳು ಎಲ್ಲಿ ಆರಂಭವಾಗುತ್ತದೆ, ಬಾಗಿದಾಗ ಸೊಂಟ ಎತ್ತ ತಿರುಗುತ್ತದೆ, ಹಗ್ಗ ಹಿಡಿದ ಮುಷ್ಟಿಯಲ್ಲಿ ಹೆಬ್ಬೆರಳು ಎಲ್ಲಿರುತ್ತದೆ, ಒಂದೂ ಹೊಳೆಯುವುದಿಲ್ಲ. ಕೈಚಳಕ ಎಷ್ಟಿದ್ದರೂ ಚರ್ಮದ ಕೆಳಗೆ ಏನಿದೆ ಎಂದು ಗೊತ್ತಿಲ್ಲದಿದ್ದರೆ ಇಲ್ಲಿ ನಿಂತುಹೋಗುತ್ತದೆ.

ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಲಾಶಾಲೆಗಳಲ್ಲಿ ಓದುವವರಿಗೆ ತಿದ್ದಲು ಮೇಷ್ಟ್ರಿರುತ್ತಾರೆ. ಕೆಲಸಕ್ಕೆ ಹೋಗಿ ಬಂದು ರಾತ್ರಿ ಹಾಳೆ ಹರವಿಕೊಳ್ಳುವವರಿಗೆ ಆ ಭಾಗ್ಯವಿಲ್ಲ. ತಿದ್ದುವ ಕೆಲಸವನ್ನೂ ಅವರೇ ಮಾಡಿಕೊಳ್ಳಬೇಕು. ಹಾಗಾಗಿ ನಾನಿಲ್ಲಿ ಒತ್ತಿ ಹೇಳುವುದು ಒಂದೇ ಮಾತು: ಅನಾಟಮಿಯ, ಅಂದರೆ ಮೈಯೊಳಗಿನ ಮೂಳೆ ಸ್ನಾಯುಗಳ ರಚನೆಯ, ಚಿತ್ರಗಳನ್ನು ನೋಡಿ ನಕಲು ಮಾಡಿದ ಮಾತ್ರಕ್ಕೆ ಕಲಿತಂತಾಗುವುದಿಲ್ಲ. ನೋಡಿ, ಪುಸ್ತಕ ಮುಚ್ಚಿ, ನೆನಪಿನಿಂದ ಬಿಡಿಸಿ, ಮತ್ತೆ ತೆರೆದು ತಾಳೆ ನೋಡಿ, ತಪ್ಪಿದ್ದಲ್ಲಿ ಕೆಂಪು ಪೆನ್ನಿನಿಂದ ತಿದ್ದಿ. ಮುಂದೆ ಬರುವುದೆಲ್ಲ ಈ ಸುತ್ತನ್ನು ಯಾವುದರ ಮೇಲೆ, ಯಾವ ಕ್ರಮದಲ್ಲಿ ಪ್ರಯೋಗಿಸಬೇಕು ಎಂಬ ವಿವರ.

ಸಾಮಾನು

2ಬಿ ಪೆನ್ಸಿಲ್, ನೀಲಿ ಬಾಲ್‌ಪೆನ್, ಒಂದು ಕೆಂಪು ಪೆನ್, ಎಕ್ಸಾಮ್ ಪ್ಯಾಡ್, ಎ4 ಹಾಳೆಗಳ ಬಂಡಲ್. ಆಫೀಸಿನಲ್ಲಿ ಒಂದು ಬದಿ ಪ್ರಿಂಟಾಗಿ ಬಿಸಾಡುವ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು. ದುಬಾರಿ ಸ್ಕೆಚ್‌ಬುಕ್ ಕೊಂಡರೆ ಅದನ್ನು ಕೆಡಿಸಲು ಮನಸ್ಸು ಬರುವುದಿಲ್ಲ, ಕೆಡಿಸದೆ ಈ ವಿದ್ಯೆ ಬರುವುದಿಲ್ಲ. ರಬ್ಬರ್ ಮೇಜಿನ ಮೇಲೆ ಇಡಲೇಬೇಡಿ. ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ.

ನೋಡಿ ಕಲಿಯುವುದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಪ್ರಥಮ ಪಿಯುಸಿಯ ಜೀವಶಾಸ್ತ್ರ ಪಠ್ಯದಲ್ಲಿ ಅಸ್ಥಿಪಂಜರದ ಚಿತ್ರಗಳಿವೆ. ಕೃತಿಸ್ವಾಮ್ಯ ಮುಗಿದ ಹಳೆಯ ವೈದ್ಯಕೀಯ ಚಿತ್ರಗಳು ವಿಕಿಮೀಡಿಯಾ ಕಾಮನ್ಸ್‌ನಲ್ಲಿ ರಾಶಿ ಬಿದ್ದಿವೆ. ಅಸ್ಥಿಪಂಜರವನ್ನು ಸುತ್ತ ತಿರುಗಿಸಿ ನೋಡುವ ಮೊಬೈಲ್ ಆ್ಯಪ್‌ಗಳಿವೆ. ಪರಿಚಯದ ಲೆಕ್ಚರರ್ ಇದ್ದರೆ ಕಾಲೇಜಿನ ಲ್ಯಾಬಿನಲ್ಲಿ ನೇತುಹಾಕಿದ ಅಸ್ಥಿಪಂಜರದ ಮುಂದೆ ಒಂದು ಗಂಟೆ ಕೂರಲು ಕೇಳಿಕೊಳ್ಳಿ. ಎಲ್ಲಕ್ಕಿಂತ ಹತ್ತಿರದ ಪಠ್ಯ ನಿಮ್ಮದೇ ಮೈ. ಬಟ್ಟೆ ಬದಲಿಸುವ ಕನ್ನಡಿ ಇದ್ದರೆ ಆಯಿತು.

ಹಂತ 1: ಅಳತೆ

ಸುಲಭದ ಹಂತ, ಒಂದೆರಡು ವಾರ ಸಾಕು. ನಿಂತ ವಯಸ್ಕರ ಎತ್ತರ ಅವರದೇ ತಲೆಯ ಏಳರಿಂದ ಏಳೂವರೆ ಪಟ್ಟು. ಕಾಮಿಕ್ಸ್, ಫ್ಯಾಷನ್ ಚಿತ್ರಗಳಲ್ಲಿ ಎಂಟು ಅಥವಾ ಇನ್ನೂ ಹೆಚ್ಚು ಮಾಡುತ್ತಾರೆ. ವರ್ಷ ತುಂಬಿದ ಮಗು ಸುಮಾರು ನಾಲ್ಕು ತಲೆ ಮಾತ್ರ. ಮಗುವಿನ ಚಿತ್ರ ಕುಳ್ಳಗಿನ ದೊಡ್ಡವರಂತೆ ಕಾಣುತ್ತಿದ್ದರೆ ಕಾರಣ ಇಲ್ಲೇ ಇದೆ. ನಿಂತ ಮೈಯ ನಡುಮಧ್ಯ ಬರುವುದು ಹೊಕ್ಕುಳಲ್ಲಲ್ಲ, ಅದಕ್ಕಿಂತ ಸಾಕಷ್ಟು ಕೆಳಗೆ, ತೊಡೆಗಳು ಕೂಡುವ ಜಾಗದಲ್ಲಿ. ಕೈ ಇಳಿಬಿಟ್ಟಾಗ ಮೊಣಕೈ ಪಕ್ಕೆಲುಬಿನ ಕೆಳಅಂಚಿನ ಹತ್ತಿರ, ಮಣಿಕಟ್ಟು ತೊಡೆಸಂದಿನ ಮಟ್ಟಕ್ಕೆ, ಬೆರಳ ತುದಿ ತೊಡೆಯ ಮಧ್ಯಕ್ಕೆ ಬರುತ್ತದೆ. ಗದ್ದದಿಂದ ಕೂದಲಂಚಿನವರೆಗೆ ಎಷ್ಟೋ ಅಂಗೈ ಸಮೇತ ಬೆರಳ ತುದಿಯವರೆಗೂ ಹೆಚ್ಚುಕಡಿಮೆ ಅಷ್ಟೇ. ನಂಬಿಕೆ ಬಾರದಿದ್ದರೆ ಮುಖದ ಮೇಲೆ ಕೈಯಿಟ್ಟು ನೋಡಿಕೊಳ್ಳಿ. ಪಾದದ ಉದ್ದ ಮೊಣಕೈ ಮಡಿಕೆಯಿಂದ ಮಣಿಕಟ್ಟಿನಷ್ಟು. ಹೊಸಬರು ಪಾದವನ್ನು ಸದಾ ಚಿಕ್ಕದು ಮಾಡುತ್ತಾರೆ.

ನಮ್ಮ ಶಿಲ್ಪಿಗಳ ಅಳತೆಪದ್ಧತಿಯಾದ ತಾಳಮಾನ ಗೊತ್ತಿರುವವರು ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಎಂಬ ಭಾಗ ತಾನು ಹೇಳುವ ಐದು ಬಗೆಯ ಪುರುಷರಲ್ಲಿ ಒಬ್ಬನಾದ ಹಂಸ ಪುರುಷನಿಗೆ ಅವನದೇ ಅಳತೆಯ 108 ಅಂಗುಲ ಎತ್ತರ ಹೇಳುತ್ತದೆ. 12 ಅಂಗುಲಕ್ಕೆ ಒಂದು ತಾಳ, ಒಟ್ಟು ಒಂಬತ್ತು ತಾಳ. ಹಾಗಾದರೆ ಒಂಬತ್ತು ತಲೆಯ ಎತ್ತರವೇ ಎಂದು ಕೇಳಬೇಡಿ. ತಾಳ ಎಂದರೆ ಮುಖ, ಅಂದರೆ ಕೂದಲಂಚಿನಿಂದ ಗದ್ದ. ಈಗಿನವರು ಎಣಿಸುವ ತಲೆ ನೆತ್ತಿಯಿಂದ ಗದ್ದ. ಲೆಕ್ಕ ಹಾಕಿದರೆ ಎರಡೂ ಸುಮಾರು ಏಳು ತಲೆಯ ಆಸುಪಾಸಿಗೇ ಬಂದು ನಿಲ್ಲುತ್ತವೆ. ಒಂದೇ ಚಿತ್ರದಲ್ಲಿ ಎರಡು ಕೋಲುಗಳಿಂದ ಅಳೆಯಬೇಡಿ.

ಹಂತ 2: ಮುಟ್ಟಿದರೆ ಸಿಗುವ ಮೂಳೆಗಳು

ವಯಸ್ಕರ ಮೈಯಲ್ಲಿ 206 ಮೂಳೆ ಇವೆ. ಚಿತ್ರಗಾರರಿಗೆ ಅಷ್ಟೂ ಬೇಡ. ಚರ್ಮಕ್ಕೆ ನೇರ ಅಂಟಿಕೊಂಡಂತಿರುವ ಮೂಳೆಗಳು ಮುಖ್ಯ. ದಪ್ಪಗಿರಲಿ ತೆಳ್ಳಗಿರಲಿ, ಆ ಜಾಗಗಳು ಹೆಚ್ಚು ಬದಲಾಗುವುದಿಲ್ಲ. ಕನ್ನಡಿ ಮುಂದೆ ನಿಂತು ಒಂದೊಂದನ್ನೇ ಬೆರಳಿನಿಂದ ಹುಡುಕಿ: ಗಂಟಲ ಕೆಳಗಿನ ಗುಳಿ, ಅಲ್ಲಿಂದ ಎರಡೂ ಹೆಗಲಿಗೆ ಹರಿಯುವ ಕೊರಳೆಲುಬುಗಳು, ತಲೆ ತಗ್ಗಿಸಿದಾಗ ಕತ್ತಿನ ಹಿಂದೆ ಉಬ್ಬುವ ಬೆನ್ನೆಲುಬಿನ ಗಂಟು, ಎದೆಯ ಮಧ್ಯದ ಚಪ್ಪಟೆ ಮೂಳೆ, ಪಕ್ಕೆಲುಬಿನ ಕೆಳಅಂಚು, ಸೊಂಟದ ಮುಂದೆ ಎರಡೂ ಕಡೆ ಕೈಗೆ ಸಿಗುವ ಮೂಳೆಯ ತುದಿಗಳು, ಮೊಣಕೈ ತುದಿ, ಮಂಡಿಚಿಪ್ಪು, ಮೊಣಕಾಲ ಕೆಳಗೆ ಚೂಪಾಗಿ ಇಳಿಯುವ ಮೂಳೆಯ ಅಂಚು, ಪಾದದ ಮೇಲಿನ ಹರಡಿನ ಎರಡು ಗಂಟು.

ಕೊನೆಯದನ್ನು ಬಗ್ಗಿ ನೋಡಿ. ಹರಡಿನ ಒಳಗಂಟು ಮೇಲಿದೆ, ಹೊರಗಂಟು ಕೆಳಗಿದೆ. ಎರಡನ್ನೂ ಒಂದೇ ಮಟ್ಟದಲ್ಲಿ ಹಾಕಿದ ಪಾದ ಯಾಕೋ ಸರಿಯಿಲ್ಲ ಎನ್ನಿಸುತ್ತದೆ, ಆದರೆ ಏನು ತಪ್ಪು ಎಂದು ನೋಡುವವರಿಗೆ ಹೇಳಲಾಗುವುದಿಲ್ಲ. ಇನ್ನೂ ಮೇಲೆ ಹೋದರೆ ಮೀನಖಂಡದಲ್ಲಿ ಈ ಓರೆ ತಿರುಗುಮುರುಗಾಗುತ್ತದೆ: ಹೊರಗಿನ ಉಬ್ಬು ಮೇಲೆ, ಒಳಗಿನದು ಕೆಳಗೆ. ಮಂಡಿಯ ಮೇಲಿನ ತೊಡೆಯ ಸ್ನಾಯುಗಳಲ್ಲೂ ಹಾಗೇ, ಒಳಗಿನ ಉಬ್ಬು ಮಂಡಿಗೆ ಹತ್ತಿರ, ಹೊರಗಿನದು ಅದಕ್ಕಿಂತ ಮೇಲೆಯೇ ಮುಗಿಯುತ್ತದೆ. ಈ ಮೂರು ಓರೆಗೆರೆಗಳನ್ನು ಹಗುರಾಗಿ ಎಳೆದುಕೊಂಡು ಕಾಲು ಬಿಡಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತ 3: ಮೂರು ದಿಮ್ಮಿಗಳು

ತಲೆ, ಎದೆಗೂಡು, ಸೊಂಟ (ಅಂದರೆ ಸೊಂಟದ ಮೂಳೆಯ ಕಟ್ಟು). ಈ ಮೂರೂ ತಮ್ಮಷ್ಟಕ್ಕೆ ಬಾಗುವುದಿಲ್ಲ. ಬಾಗುವುದು ನಡುವಿನ ಕುತ್ತಿಗೆ ಮತ್ತು ನಡು. ಎದೆಗೂಡನ್ನು ಮೊಟ್ಟೆಯಾಕಾರದಲ್ಲಿ, ಸೊಂಟವನ್ನು ಪೆಟ್ಟಿಗೆಯಾಕಾರದಲ್ಲಿ ಬಿಡಿಸಿ, ಎರಡಕ್ಕೂ ಮಧ್ಯರೇಖೆ ಎಳೆಯಿರಿ. ಮೇಲಿನಿಂದ, ಕೆಳಗಿನಿಂದ, ಓರೆಯಿಂದ ತಿರುಗಿಸಿ ನೂರಾರು ಸಲ ಬಿಡಿಸಬೇಕು. ಬೇಜಾರಿನ ಕೆಲಸ ನಿಜ. ಆದರೆ ಹೆಚ್ಚಿನವರ ಚಿತ್ರ ಕೆಡುವುದು ಸ್ನಾಯು ತಪ್ಪಿದ್ದಕ್ಕಲ್ಲ, ಈ ದಿಮ್ಮಿಗಳು ಒಂದಕ್ಕೊಂದು ಸಮಾನಾಂತರವಾಗಿ ಸೆಟೆದು ನಿಂತಿದ್ದಕ್ಕೆ.

ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತುಕೊಳ್ಳಿ. ಭಾರ ಹೊತ್ತ ಕಡೆಯ ಸೊಂಟ ಮೇಲೇರುತ್ತದೆ, ಸಮತೋಲಕ್ಕಾಗಿ ಅದೇ ಕಡೆಯ ಹೆಗಲು ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಗಂಟಲ ಗುಳಿಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ಬೀಳದಿದ್ದರೆ ಚಿತ್ರದ ಮನುಷ್ಯ ಮುಗ್ಗರಿಸುತ್ತಾನೆ. ಇದನ್ನು ಕಲ್ಲಿನಲ್ಲಿ ನೋಡಬೇಕೆಂದರೆ ಬೇಲೂರಿಗೆ ಹೋಗಿ. ಚೆನ್ನಕೇಶವ ದೇವಸ್ಥಾನದ ಶಿಲಾಬಾಲಿಕೆಯರು ನಿಂತ ತ್ರಿಭಂಗಿಯಲ್ಲಿ ತಲೆ, ಎದೆ, ಸೊಂಟ ಮೂರೂ ಬೇರೆಬೇರೆ ಓರೆಯಲ್ಲಿವೆ. ಅವುಗಳಲ್ಲಿ ಸ್ನಾಯು ಹುಡುಕಲು ಹೋಗಬೇಡಿ. ಹೊಯ್ಸಳ ಶಿಲ್ಪಿಗೆ ಅದು ಬೇಕಿರಲಿಲ್ಲ, ಮೈಯನ್ನು ನಯವಾದ ಉರುಟಿನಲ್ಲೇ ಮುಗಿಸಿದ್ದಾನೆ. ದಿಮ್ಮಿಗಳ ಓರೆಯನ್ನು ಮಾತ್ರ ಮೂರು ಗೆರೆಗಳಲ್ಲಿ ಎತ್ತಿಕೊಳ್ಳಿ; ಆಭರಣ ಬಿಡಿಸಲು ಕೂತರೆ ಸಂಜೆಯಾಗಿಬಿಡುತ್ತದೆ.

ಹಂತ 4: ತೋಳು, ನಿಧಾನವಾಗಿ

ಸ್ನಾಯು ಕಲಿಯಲು ತೋಳಿನಿಂದ ಆರಂಭಿಸುವುದು ವಾಸಿ. ಎಡಗೈ ಸದಾ ಕಣ್ಣೆದುರಿಗಿದೆ, ಬಲಗೈ ಬಿಡಿಸುತ್ತಿರುತ್ತದೆ. ಎಡಚರಾದರೆ ಅದಲುಬದಲು.

ಎಡ ಮೊಣಕೈ ತುದಿಯ ಮೇಲೆ ಬಲಗೈ ಬೆರಳಿಟ್ಟು ಕೆಳಗೆ ಸವರುತ್ತ ಬನ್ನಿ. ಕಿರುಬೆರಳ ಕಡೆಯ ಮಣಿಕಟ್ಟಿನ ಗಂಟಿನವರೆಗೂ ಮೂಳೆ ಎಲ್ಲೂ ತಪ್ಪದೆ ಕೈಗೆ ಸಿಗುತ್ತದೆ. ಈ ಮೂಳೆಯೇ ಮುಂದೋಳಿನ ದಾರಿಗುರುತು. ತೋಳು ಎತ್ತ ತಿರುಗಿದ್ದರೂ ಮೊಣಕೈ ತುದಿ ಮತ್ತು ಕಿರುಬೆರಳ ಕಡೆಯ ಗಂಟು ಈ ಗೆರೆಯಲ್ಲಿ ಸೇರಿಕೊಂಡಿರುತ್ತವೆ. ಅಂಗೈ ಮೇಲೆ ಮಾಡಿ ಕೈಯನ್ನು ಮೇಜಿನ ಮೇಲಿಡಿ, ಮುಂದೋಳಿನ ಎರಡು ಮೂಳೆಗಳೂ ಅಕ್ಕಪಕ್ಕ ಇರುತ್ತವೆ. ಈಗ ಅಂಗೈ ಕವುಚಿ. ಕಿರುಬೆರಳ ಕಡೆಯ ಮೂಳೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಹೆಬ್ಬೆರಳ ಕಡೆಯದು ಅದನ್ನು ದಾಟಿ ಅಡ್ಡ ಬಂದಿದೆ. ಮುಂದೋಳಿನ ಆಕಾರ ಬದಲಾಗುವುದು ಇದರಿಂದ. 1510ರ ಆಸುಪಾಸಿನಲ್ಲಿ ಲಿಯೊನಾರ್ಡೊ ಡ ವಿಂಚಿ ತೋಳಿನ ಈ ತಿರುವನ್ನು ಬಿಡಿಸಿಟ್ಟ ಹಾಳೆಗಳು ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ರಾಜಸಂಗ್ರಹದಲ್ಲಿವೆ. ಇಂಟರ್ನೆಟ್‌ನಲ್ಲಿ ದೊಡ್ಡದು ಮಾಡಿ ನೋಡಬಹುದು. ಕೆಲವು ಹಾಳೆಗಳಲ್ಲಿ ಅವನು ಸ್ನಾಯುಗಳನ್ನು ಬರೀ ದಾರಗಳಂತೆ ಎಳೆದಿದ್ದಾನೆ: ಇಲ್ಲಿಂದ ಹೊರಟು, ಇಲ್ಲಿಗೆ ಅಂಟುತ್ತದೆ, ಮುಗಿಯಿತು. ನಮಗೂ ಅದೇ ಸಾಕು. ಉಬ್ಬು ತಗ್ಗು ಆಮೇಲೆ.

ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ, ಅಂಗೈ ಕೆಳಮುಖ ಮಾಡಿ, ಇನ್ನೊಂದು ಕೈಯಲ್ಲಿ ರಟ್ಟೆ ಹಿಡಿದುಕೊಳ್ಳಿ. ಈಗ ಬೀಗದ ಕೈ ತಿರುಗಿಸುವಂತೆ ಅಂಗೈ ಮೇಲೆ ಮಾಡಿ. ಮೊಣಕೈ ಕದಲದಿದ್ದರೂ ರಟ್ಟೆಯ ಸ್ನಾಯು ಗಡ್ಡೆ ಕಟ್ಟುತ್ತದೆ. ಬೈಸೆಪ್ಸ್ ಎಂಬ ಈ ಸ್ನಾಯು ಹೆಬ್ಬೆರಳ ಕಡೆಯ ಮೂಳೆಗೆ ಅಂಟಿರುವುದರಿಂದ ಕೈ ಮಡಿಸುವುದಷ್ಟೇ ಅಲ್ಲ, ತಿರುಗಿಸುವುದೂ ಅದರ ಕೆಲಸ. ಹಾಗೇ ಬೆರಳುಗಳನ್ನು ಆಡಿಸುತ್ತ ಮುಂದೋಳು ಮುಟ್ಟಿ ನೋಡಿ, ಅಲ್ಲಿ ಕುಣಿತ ಕಾಣುತ್ತದೆ. ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಬೆರಳಲ್ಲಿ ಇಲ್ಲ, ಮೊಣಕೈ ಹತ್ತಿರ ಇವೆ. ಮಣಿಕಟ್ಟಿಗೆ ಬರುವಷ್ಟರಲ್ಲಿ ಬರೀ ನರದಂತೆ ಕಾಣುವ ಸ್ನಾಯುರಜ್ಜುಗಳು ಉಳಿಯುತ್ತವೆ. ಆದ್ದರಿಂದ ಮುಂದೋಳು ಮೊಣಕೈ ಕಡೆ ಉರುಟು, ಮಣಿಕಟ್ಟಿನ ಕಡೆ ಚಪ್ಪಟೆ.

ಇನ್ನು ಹೆಗಲು. ತೋಳನ್ನು ಪೂರ್ತಿ ಮೇಲಕ್ಕೆತ್ತುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ಕೀಲಿನದು, ಮಿಕ್ಕ 60 ಬೆನ್ನಮೇಲೆ ಜಾರುವ ಹೆಗಲಮೂಳೆಯದು. ಅದರ ಜೊತೆ ಕೊರಳೆಲುಬಿನ ಹೊರತುದಿಯೂ ಮೇಲೇಳುತ್ತದೆ. ಹಗ್ಗ ಎಳೆಯುವವನ, ಅಟ್ಟದಿಂದ ಡಬ್ಬ ಇಳಿಸುವವಳ ಚಿತ್ರದಲ್ಲಿ ಹೆಗಲನ್ನು ಇದ್ದಲ್ಲೇ ಇಟ್ಟು ತೋಳನ್ನಷ್ಟೇ ಎತ್ತಿದರೆ ಅದು ಬೇರೆಯವರ ತೋಳನ್ನು ತಂದು ಜೋಡಿಸಿದಂತೆ ಕಾಣುತ್ತದೆ.

ಅಂಗೈಗೆ ಬೇರೆ ತಿಂಗಳೇ ಮೀಸಲಿಡಿ. ಈಗ ಒಂದೇ ಗುಟ್ಟು: ಕೈಯ ಹಿಂಬದಿಯಿಂದ ನೋಡಿದರೆ ನಡುಬೆರಳು ಗೆಣ್ಣಿನಿಂದ ತುದಿಯವರೆಗೆ ಕೈಯುದ್ದದ ಸುಮಾರು ಅರ್ಧ. ಅಂಗೈ ಕಡೆಯಿಂದ ಅದೇ ಬೆರಳು ಗಿಡ್ಡ ಕಾಣುತ್ತದೆ, ಏಕೆಂದರೆ ಬುಡದ ಚರ್ಮ ಗೆಣ್ಣಿಗಿಂತ ಮುಂದಕ್ಕೆ ಹಬ್ಬಿದೆ.

ಹಂತ 5: ಒಂದು ಸುತ್ತಿನ ಅಭ್ಯಾಸ ಹೇಗೆ ನಡೆಸಬೇಕು

ಈ ವಾರ ಮುಂದೋಳು ಎಂದುಕೊಳ್ಳಿ. ಅನಾಟಮಿ ಚಿತ್ರವನ್ನು ಐದು ನಿಮಿಷ ಸುಮ್ಮನೆ ನೋಡಿ, ಪೆನ್ಸಿಲ್ ಮುಟ್ಟಬೇಡಿ. ಪ್ರತಿ ಸ್ನಾಯುವಿಗೂ ಮೂರು ಪ್ರಶ್ನೆ: ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ಅಂಟುತ್ತದೆ, ಬಿಗಿದರೆ ಏನನ್ನು ಕದಲಿಸುತ್ತದೆ. ಹೆಸರು ಬಾಯಿಪಾಠ ಮಾಡುವುದು ಬೇಡ. ಲ್ಯಾಟಿನ್ ಹೆಸರು ಗೊತ್ತಿಲ್ಲದವರೂ ಒಳ್ಳೆಯ ತೋಳು ಬಿಡಿಸುತ್ತಾರೆ. ಆಮೇಲೆ ಪುಸ್ತಕ ಮುಚ್ಚಿ, ಮೂಳೆ ಬಿಡಿಸಿ, ಅದರ ಮೇಲೆ ದಾರಗಳನ್ನು ಎಳೆಯಿರಿ. ಅರ್ಧಕ್ಕೇ ಸಿಕ್ಕಿಕೊಳ್ಳುತ್ತೀರಿ. ಅಲ್ಲಿ ಪುಸ್ತಕ ತೆರೆಯುವ ಆಸೆ ಬರುತ್ತದೆ. ತೆರೆಯದೆ ಊಹಿಸಿ ಮುಗಿಸಿ. ತಪ್ಪು ಊಹೆಯನ್ನು ಕೆಂಪು ಪೆನ್ನು ತಿದ್ದಿದಾಗ ಅದು ನೆನಪಲ್ಲಿ ಉಳಿದಷ್ಟು ಚೆಂದದ ನಕಲು ಉಳಿಯುವುದಿಲ್ಲ. ಮರುದಿನ ಅದೇ ಚಿತ್ರ ಮತ್ತೆ ನೆನಪಿನಿಂದ, ಮೂರು ದಿನ ಬಿಟ್ಟು ಮತ್ತೊಮ್ಮೆ, ಆಮೇಲೆ ಬೇರೆ ಕೋನದಿಂದ.

ಕೊನೆಗೆ ಅದೇ ಭಾಗ ಕಾಣುವ ಒಂದು ಫೋಟೊ ತೆಗೆದುಕೊಳ್ಳಿ. ಕಬಡ್ಡಿ ಪಂದ್ಯದ ಫೋಟೊಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಟ್ರೇಸಿಂಗ್ ಹಾಳೆ ಹಾಸಿ, ಚರ್ಮದ ಕೆಳಗೆ ಮೂಳೆ ಎಲ್ಲೆಲ್ಲಿ ಇರಬೇಕೆಂದು ಗುರುತಿಸಿ. ಟ್ರೇಸ್ ಮಾಡುವುದು ಮೋಸ ಎನ್ನುವವರಿದ್ದಾರೆ; ಹೊರಗೆರೆ ಕದ್ದರೆ ಮೋಸ, ಒಳಗಿನ ಮೂಳೆ ಹುಡುಕಿದರೆ ಅಭ್ಯಾಸ.

ಫೋಟೊ ಆರಿಸುವಾಗ ಎರಡು ಎಚ್ಚರಿಕೆ. ಸ್ಪರ್ಧೆಗೆಂದು ಮೈ ಒಣಗಿಸಿಕೊಂಡ ಬಾಡಿಬಿಲ್ಡರ್‌ಗಳ ಚಿತ್ರಗಳಿಂದಲೇ ಕಲಿತರೆ ಮುಂದೆ ನಿಮ್ಮ ತರಕಾರಿ ಮಾರುವ ಅಜ್ಜಿಗೂ ಸಿಕ್ಸ್‌ಪ್ಯಾಕ್ ಬರುತ್ತದೆ. ಎಐ ತಯಾರಿಸಿದ ಚಿತ್ರಗಳಂತೂ ಬೇಡವೇ ಬೇಡ, ಅಲ್ಲಿ ತಪ್ಪೂ ನುಣುಪಾಗಿಯೇ ಕಾಣುತ್ತದೆ. ಮನೆಯವರನ್ನು ನಿಲ್ಲಿಸಿ ನೀವೇ ತೆಗೆಯುವುದಾದರೆ ಎಂಟು ಹತ್ತು ಅಡಿ ದೂರ ನಿಂತು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಲೆನ್ಸಿಗೆ ಹತ್ತಿರವಿರುವ ತಲೆಯೋ ಕೈಯೋ ವಿಪರೀತ ದೊಡ್ಡದಾಗಿ ಬೀಳುತ್ತದೆ. ಬೆಳಕು ಒಂದೇ ಪಕ್ಕದಿಂದ ಬರಲಿ.

ಹಂತ 6: ಓಡಾಡುವ ಜನ

ಬರೀ ಅನಾಟಮಿ ಓದಿದವರ ಚಿತ್ರ ಸೆಟೆದುಕೊಳ್ಳುತ್ತದೆ. ಅದಕ್ಕೆ ಮದ್ದು ಜೆಸ್ಚರ್: ಮೂವತ್ತು ಸೆಕೆಂಡಿನಿಂದ ಎರಡು ನಿಮಿಷದೊಳಗೆ ಇಡೀ ಮೈಯ ವಾಲಿಕೆಯನ್ನು ಕೆಲವೇ ಗೆರೆಗಳಲ್ಲಿ ಹಿಡಿಯುವುದು. ಮುಖ, ಬೆರಳು ಬೇಡ. ನೆತ್ತಿಯಿಂದ ಭಾರ ಹೊತ್ತ ಪಾದದವರೆಗೆ ಹರಿಯುವ ಒಂದು ಗೆರೆ, ಹೆಗಲಿನ ಓರೆ, ಸೊಂಟದ ಓರೆ, ಅಷ್ಟೇ.

ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರು ಒಳ್ಳೆಯ ಮಾಡೆಲ್‌ಗಳು, ಆದರೆ ಬಟ್ಟೆಯಲ್ಲಿ ಮೈ ಮುಚ್ಚಿರುತ್ತದೆ. ಸ್ನಾಯು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕೆಂದರೆ ಗರಡಿಮನೆಗೆ ಹೋಗಿ. ಮೈಸೂರಿನಲ್ಲಿ ಇವತ್ತಿಗೂ ಹಳೆಯ ಗರಡಿಗಳಿವೆ, ದಸರಾ ಕುಸ್ತಿ ಹತ್ತಿರ ಬಂದಾಗ ತಾಲೀಮು ಜೋರಾಗಿರುತ್ತದೆ. ಉಸ್ತಾದರ ಅಪ್ಪಣೆ ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಮೂಲೆಯಲ್ಲಿ ಕೂತುಕೊಳ್ಳಿ. ದಂಡ ಹೊಡೆಯುವ ಪೈಲ್ವಾನನ ಬೆನ್ನಿನಲ್ಲಿ ಹೆಗಲಮೂಳೆಗಳು ಹತ್ತಿರ ಬಂದು ದೂರ ಸರಿಯುವುದನ್ನು ಹತ್ತು ನಿಮಿಷ ನೋಡಿದರೆ ಪುಸ್ತಕದ ಎಷ್ಟೋ ಪುಟ ಉಳಿಯುತ್ತದೆ. ಮಾರ್ಕೆಟ್ಟಿನ ಹಮಾಲರು ಮೂಟೆ ಎತ್ತುವ ಕ್ಷಣವೂ ಅಂಥದ್ದೇ. ಯಾರಾದರೂ ಮುಜುಗರಪಟ್ಟರೆ ಅಲ್ಲಿಗೇ ನಿಲ್ಲಿಸಿ. ಕೇಳಿದವರಿಗೆ ಹಾಳೆ ತೋರಿಸಿ.

ಹಂತ 7: ನೆಲದ ಮೇಲೆ ಕೂತವರು

ಪಾಶ್ಚಾತ್ಯ ಕಲಾಪುಸ್ತಕಗಳಲ್ಲಿ ಜನ ನಿಲ್ಲುತ್ತಾರೆ, ಕುರ್ಚಿಯಲ್ಲಿ ಕೂರುತ್ತಾರೆ, ದಿವಾನದ ಮೇಲೆ ಒರಗುತ್ತಾರೆ. ನಮಗೆ ದಿನಾ ಕಾಣುವ ಭಂಗಿ ಕುಕ್ಕರಗಾಲು: ಪಾತ್ರೆ ತೊಳೆಯುವವರು, ಬೀಡಿ ಸೇದುತ್ತ ಹರಟೆ ಹೊಡೆಯುವವರು, ಸಸಿ ನೆಡುವವರು. ಇದು ಅಲ್ಲಿ ಹೆಚ್ಚಾಗಿ ಸಿಗದು, ನಾವೇ ಬಿಡಿಸಿಕೊಳ್ಳಬೇಕು.

ಪಕ್ಕದಿಂದ ನೋಡಿ. ಹಿಮ್ಮಡಿ ನೆಲಕ್ಕೂರಿದೆ, ಮೊಣಕಾಲು ಬೆರಳುಗಳಿಗಿಂತ ಮುಂದೆ ಹೋಗಿದೆ, ಸೊಂಟದ ದಿಮ್ಮಿ ಹಿಂದಕ್ಕೆ ಉರುಳಿ ಹಿಮ್ಮಡಿಗೆ ತಾಗುವಷ್ಟು ಇಳಿದಿದೆ. ಹಾಗಾಗಿ ನಡು ಉರುಟಾಗಿ ಬಾಗುತ್ತದೆ, ಎದೆಗೂಡು ತೊಡೆಗೆ ಒತ್ತಿಕೊಳ್ಳುತ್ತದೆ, ಕಂಕುಳು ಮಂಡಿಯ ಮೇಲೆ ಬಂದು ಕೂರುತ್ತದೆ. ಹಿಂದಕ್ಕೆ ಬೀಳದಿರಲು ತೋಳುಗಳು ಮುಂದೆ ಚಾಚಿರುತ್ತವೆ. ಹೊಸಬರು ಬೆನ್ನನ್ನು ನೆಟ್ಟಗೆ ಮಾಡಿ, ಪೃಷ್ಠ ಮತ್ತು ಹಿಮ್ಮಡಿಯ ನಡುವೆ ಜಾಗ ಬಿಡುತ್ತಾರೆ. ಚಿತ್ರದಲ್ಲಿರುವವರು ಕಾಣದ ಮಣೆಯ ಮೇಲೆ ಕೂತಂತಾಗುತ್ತದೆ. ಎದುರಿನಿಂದ ಬಿಡಿಸುವುದು ಇನ್ನೂ ಕಷ್ಟ. ತೊಡೆ ನಮ್ಮ ಕಡೆಗೇ ಚಾಚಿರುವುದರಿಂದ ಅದರ ಉದ್ದ ಮಾಯವಾಗಿ, ಮಂಡಿ, ಅದರ ಹಿಂದೆ ಹೆಗಲು, ಮೇಲೆ ಮುಖ, ಇಷ್ಟೇ ಒತ್ತೊತ್ತಾಗಿ ಉಳಿಯುತ್ತದೆ. ಇಲ್ಲಿ ಯಾವುದು ಯಾವುದರ ಮುಂದೆ ಬರುತ್ತದೆ ಎಂಬುದೇ ಮುಖ್ಯ. ಒಂದು ಗೆರೆ ಇನ್ನೊಂದನ್ನು ಎಲ್ಲಿ ಮುಚ್ಚುತ್ತದೆ ಎಂದು ನೋಡಿ ಬಿಡಿಸಿ.

ದಿನಚರಿ ಮತ್ತು ಕ್ರಮ

ದಿನಕ್ಕೆ ನಲವತ್ತು ನಿಮಿಷ ಸಿಕ್ಕರೆ ಧಾರಾಳ: ಹತ್ತು ಜೆಸ್ಚರ್, ಇಪ್ಪತ್ತು ಆ ವಾರದ ಭಾಗದ ನೆನಪು ಮತ್ತು ತಿದ್ದುಪಡಿ, ಹತ್ತು ನಿಮಿಷ ಮನಸ್ಸಿಗೆ ಬಂದದ್ದು. ಕೊನೆಯ ಹತ್ತನ್ನು ಬಿಡಬೇಡಿ. ಅದಿಲ್ಲದಿದ್ದರೆ ಒಂದು ತಿಂಗಳಲ್ಲಿ ಎಲ್ಲ ಬಿಟ್ಟು ಏಳುತ್ತೀರಿ. ಭಾನುವಾರ ಹೊರಗೆ. ಬಿಡುವಿಲ್ಲದ ದಿನ ಐದು ನಿಮಿಷ ಜೆಸ್ಚರ್ ಆದರೂ ಸರಿ; ವಾರವೆಲ್ಲ ಬಿಟ್ಟು ಒಂದೇ ದಿನ ಐದು ಗಂಟೆ ಕೂತರೆ ನೆನಪಿನ ಅಭ್ಯಾಸ ಕೈಗೆ ಹತ್ತುವುದಿಲ್ಲ.

ಮೊದಲ ತಿಂಗಳು ಅಳತೆ, ಮೂಳೆಗುರುತು, ದಿಮ್ಮಿ. ಎರಡನೆಯದು ತೋಳು, ಹೆಗಲು. ಮೂರನೆಯದು ಅಂಗೈ ಬೆರಳು. ನಾಲ್ಕು ಕಾಲು ಪಾದ. ಐದು ಎದೆ, ಬೆನ್ನು, ಕುತ್ತಿಗೆ. ತಲೆ ಆರನೆಯ ತಿಂಗಳಿಗೆ. ಎಲ್ಲರೂ ಮುಖದಿಂದ ಶುರುಮಾಡಿ ಅಲ್ಲೇ ನಿಲ್ಲುವುದರಿಂದ ನಾನು ಅದನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ. ಅಲ್ಲಿ ಕಣ್ಣುಗಳು ತಲೆಯ ಎತ್ತರದ ನಟ್ಟನಡುವೆ ಬರುತ್ತವೆ ಎಂಬುದನ್ನು ಮರೆಯದಿದ್ದರೆ ಹಣೆ ಕುಗ್ಗುವುದಿಲ್ಲ. ಕುತ್ತಿಗೆಯೂ ನೇರ ಕಂಬದ ಹಾಗಿರದೆ ಮುಂದಕ್ಕೆ ಓರೆಯಾಗಿರುತ್ತದೆ. ತಲೆಯನ್ನು ಬಲಕ್ಕೆ ತಿರುಗಿಸಿದರೆ ಕಿವಿಯ ಹಿಂದಿನಿಂದ ಗಂಟಲ ಗುಳಿಗೆ ಇಳಿಯುವ ಎಡಗಡೆಯ ಸ್ನಾಯು ಎದ್ದು ಕಾಣುತ್ತದೆ.

ತಿಂಗಳ ಕೊನೆಗೆ ಒಂದೇ ವಿಷಯವನ್ನು ಫೋಟೊ ಇಲ್ಲದೆ ಬಿಡಿಸಿ. ಬಾವಿಯಿಂದ ನೀರು ಸೇದುವವರು ಎಂದೇ ಇಟ್ಟುಕೊಳ್ಳಿ. ಹಳೆಯ ಹಾಳೆಯ ಪಕ್ಕದಲ್ಲಿಟ್ಟು ಕೆಂಪು ಪೆನ್ನು ಹಿಡಿದು ಕೂತು, ಏನು ತಪ್ಪಿದೆ ಎಂದು ಮೂರೇ ಮೂರು ಸಾಲು ಬರೆಯಿರಿ. ‘ಚೆನ್ನಾಗಿಲ್ಲ’ ಎಂದು ಬರೆಯುವಂತಿಲ್ಲ. ‘ಎಡ ಹೆಗಲು ಮೇಲೇರಿಲ್ಲ’, ‘ಭಾರ ಯಾವ ಕಾಲಿನ ಮೇಲಿದೆ ತಿಳಿಯುತ್ತಿಲ್ಲ’, ಹೀಗಿರಬೇಕು. ಇನ್ನೊಬ್ಬರಿಗೆ ತೋರಿಸುವಾಗಲೂ ಹೇಗಿದೆ ಎಂದು ಕೇಳಿದರೆ ಸೂಪರ್ ಎನ್ನುತ್ತಾರೆ. ಈ ಮನುಷ್ಯನ ಭಾರ ಯಾವ ಕಾಲಿನ ಮೇಲಿದೆ ಎಂದು ಕೇಳಿ. ಅವರು ತಪ್ಪು ಕಾಲು ತೋರಿಸಿದರೆ ಮುಂದಿನ ತಿಂಗಳ ಮೊದಲ ವಾರ ಮತ್ತೆ ದಿಮ್ಮಿಗಳಿಗೆ ಮೀಸಲು.